ಬೋರಲು ಮಲಗುವ ಚಾಳಿ

ಸೋತಿದ್ದಕ್ಕೆ ಬೇಜಾರಾಗಲಿಲ್ಲ. ಸೋಲುವ ಮುಂಚಿನ ಮೂರ್ನಾಲ್ಕು ಸೆಕೆಂಡು ನಾನು ಎಷ್ಟು ಆರಾಮಾಗಿದ್ದೆ ಅನ್ನುವುದೇ ಇವತ್ತಿಗೂ ತಲೆ ತಿನ್ನುತ್ತದೆ.

ಬನಶಂಕರಿ ಕಡೆಯ, ಎಂಎಂಎ ಕಲಿಸುವ ಒಂದು ಬೇಸ್‌ಮೆಂಟ್ ಜಿಮ್. ಎಂಎಂಎ ಅಂದರೆ ಗುದ್ದು, ಒದೆತ, ಕುಸ್ತಿ, ಕತ್ತು ಅಮುಕುವುದು ಎಲ್ಲ ಸೇರಿಸಿ ಕೇಜಿನೊಳಗೆ ಆಡುವ ಆಟ. ಮೇಲೆ ಟೈಲ್ಸ್ ಅಂಗಡಿ. ಕೆಳಗೆ ನೀಲಿ ಮ್ಯಾಟು, ಮೂರು ಪಂಚಿಂಗ್ ಬ್ಯಾಗು, ಒಂದು ಗೋಡೆಗೆ ಮಾತ್ರ ಕೇಜಿನ ಜಾಲರಿ ಬಿಗಿದಿದ್ದರು. ನನಗಾಗ 29 ವರ್ಷ, ತೂಕ 82 ಕೆಜಿ. ಮೈಸೂರಿನ ಗರಡಿಯಲ್ಲಿ ಬೆಳೆದವನು, ಕಾಲೇಜಿನಲ್ಲಿ ಮ್ಯಾಟ್ ಕುಸ್ತಿಯನ್ನೂ ಆಡಿದವನು ಅನ್ನುವ ಗತ್ತು ಬೇರೆ. ಎದುರಿಗೆ ನಿಂತವನು ಇಂಜಿನಿಯರಿಂಗ್ ಓದುವ ಹುಡುಗ, 64 ಕೆಜಿ ಇದ್ದರೆ ಜಾಸ್ತಿ. ಕನ್ನಡಕ ತೆಗೆದು ಶೂ ಒಳಗೆ ಇಟ್ಟು ಬಂದ. 'ಅಣ್ಣಾ, ನಿಧಾನಕ್ಕೆ ಹೋಗೋಣ್ವಾ' ಅಂದ. ಹೆದರಿದ್ದಾನೆ ಅಂದುಕೊಂಡೆ. ಬೆಲ್ ಹೊಡೆದ ತಕ್ಷಣ ಎರಡೂ ಕಾಲಿಗೆ ನುಗ್ಗಿದೆ, ಎತ್ತಿದೆ, ಒಗೆದೆ. ಬಿದ್ದ ಸದ್ದಿಗೆ ಬ್ಯಾಗ್ ಹೊಡೆಯುತ್ತಿದ್ದವರು ತಿರುಗಿ ನೋಡಿದರು. ನನಗೆ ಅಷ್ಟು ಸಾಕಾಗಿತ್ತು. ಆದರೆ ಹುಡುಗ ಬೀಳುತ್ತಾ ಬೀಳುತ್ತಾ ನನ್ನ ಕತ್ತನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ. ಗಿಲ್ಲೊಟಿನ್ ಅನ್ನುತ್ತಾರೆ ಅದಕ್ಕೆ. ಹೇಗೋ ಒದ್ದಾಡಿ ತಲೆ ಕಿತ್ತುಕೊಂಡೆ. ಕಿತ್ತುಕೊಂಡವನು ಏನು ಮಾಡಿದೆ? ನಾನಾಗಿಯೇ ಬೋರಲಾದೆ. ಮೊಣಕೈ ಪಕ್ಕೆಗೆ ಒತ್ತಿ, ಕಾಲು ಅಗಲಿಸಿ, ಸೊಂಟ ನೆಲಕ್ಕೆ ಅಂಟಿಸಿ ಮಲಗಿಬಿಟ್ಟೆ. ಈಗ ತಿರುಗಿಸು ನೋಡೋಣ ಮಗನೇ ಅಂತ.

ಅವನಿಗೆ ನನ್ನನ್ನು ತಿರುಗಿಸುವ ಉದ್ದೇಶವೇ ಇರಲಿಲ್ಲ. ಬೆನ್ನ ಮೇಲೆ ಹತ್ತಿ ಕೂತ, ಎರಡು ಕಾಲನ್ನೂ ನನ್ನ ತೊಡೆಯ ಒಳಗೆ ಕೊಕ್ಕೆ ಹಾಕಿದ, ಕಿವಿಯ ಹತ್ತಿರ ಗ್ಲೌಸಿನಿಂದ ಎರಡು ಸಲ ಟಕ್ ಟಕ್ ಅಂತ ತಟ್ಟಿದ. ಏನಿದು ಅಂತ ಗದ್ದ ಎತ್ತಿದೆ ನೋಡಿ, ಅಷ್ಟೇ. ಕೈ ಒಳಗೆ ಬಂತು. ಕಣ್ಣ ಮುಂದೆ ಬೂದು ಬಣ್ಣ. ಸೋತೆ ಅಂತ ಮ್ಯಾಟಿಗೆ ಮೂರು ಸಲ ಬಡಿದೆ, ಟ್ಯಾಪ್ ಅನ್ನುತ್ತಾರೆ ಅದಕ್ಕೆ.

ನೀರು ಕುಡಿಯುವಾಗ ಹುಡುಗ ಬಂದು ಕೇಳಿದ, 'ಅಣ್ಣಾ, ಅಷ್ಟು ಚೆನ್ನಾಗಿ ಎತ್ತಿದ್ರಿ. ಆಮೇಲೆ ಯಾಕೆ ಬೆನ್ನು ಕೊಟ್ರಿ?'

ಉತ್ತರ ಹೊಳೆಯಲಿಲ್ಲ. ನನ್ನ ಲೆಕ್ಕದಲ್ಲಿ ನಾನು ಬೆನ್ನು ಕೊಟ್ಟೇ ಇರಲಿಲ್ಲ. ಬೆನ್ನು ಉಳಿಸಿಕೊಳ್ಳೋಕೆ ಅಂತಲೇ ಬೋರಲು ಮಲಗಿದ್ದು. ನೆಲಕ್ಕೆ ಕೊಡಲಿಲ್ಲ, ನಿಜ. ಅವನಿಗೆ ಕೊಟ್ಟೆ.

ಬೆನ್ನಿಗೆ ಮಣ್ಣು

ಗರಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಡಕುಸ್ತಿಯಲ್ಲಿ ಬೆನ್ನು ಮಣ್ಣು ಮುಟ್ಟಿದರೆ ಚಿತ್, ಕಥೆ ಮುಗಿಯಿತು. ಮಾರ್ಫಿಟ್ ಕುಸ್ತಿಯಲ್ಲಂತೂ ಪಾಯಿಂಟಿನ ಲೆಕ್ಕವೂ ಇಲ್ಲ, ಚಿತ್ ಆಗುವವರೆಗೂ ಆಡಬೇಕು. ಹಾಗಾಗಿ ಕೆಳಗೆ ಬಿದ್ದ ಪೈಲ್ವಾನ ಮಾಡುವ ಮೊದಲ ಕೆಲಸವೇ ಬೋರಲಾಗುವುದು. ಬೋರಲಾದರೆ ಉಸಿರು ತೆಗೆದುಕೊಳ್ಳಬಹುದು, ಯೋಚನೆ ಮಾಡಬಹುದು, ಮೇಲಿನವನು ಸುಸ್ತಾಗುವವರೆಗೆ ಕಾಯಬಹುದು. ಅದು ನಮ್ಮ ತಂಗುದಾಣ.

ಇದನ್ನು ನಮ್ಮ ಉಸ್ತಾದರು ಮೈಗೆ ಹತ್ತಿಸಿದ್ದ ರೀತಿಯೇ ಬೇರೆ. ನಾನು 12 ವರ್ಷದವನಿದ್ದಾಗ, ದಂಡ ಬಸ್ಕಿ ಎಲ್ಲ ಮುಗಿದ ಮೇಲೆ, ನನ್ನನ್ನು ಮಟ್ಟಿಯಲ್ಲಿ, ಅಂದರೆ ಕುಸ್ತಿ ಆಡುವ ಮಣ್ಣಿನ ಕಣದಲ್ಲಿ, ಬೋರಲು ಮಲಗಿಸಿ ಮೂರು ಜನ ದೊಡ್ಡ ಹುಡುಗರನ್ನು ಬಿಡುತ್ತಿದ್ದರು. 'ತಿರುಗಿಸ್ರೋ ಇವನ್ನ' ಅಂತ. ಒಬ್ಬ ಕತ್ತಿನ ಮೇಲೆ ಮೊಣಕಾಲಿಟ್ಟು ಒತ್ತುವವನು, ಇನ್ನೊಬ್ಬ ಕಾಲು ತಿರುಚುವವನು, ಮೂರನೆಯವನು ಚಡ್ಡಿ ಹಿಡಿದು ಎತ್ತುವವನು. ಮೂಗು ಬಾಯಿಗೆಲ್ಲ ಮಣ್ಣು. ಆ ಮಣ್ಣಿಗೆ ಅರಿಶಿನ, ಎಣ್ಣೆ, ಮಜ್ಜಿಗೆ, ನಿಂಬೆರಸ ಎಲ್ಲ ಬೆರೆಸಿರುತ್ತಾರಲ್ಲ, ಆ ವಾಸನೆ ಈಗ ಇದನ್ನು ಬರೆಯುವಾಗಲೂ ಮೂಗಿಗೆ ಬರುತ್ತಿದೆ. ಅಳು ಬಂದರೂ ಅಳುವ ಹಾಗಿಲ್ಲ, ಬಾಯಿ ತೆರೆದರೆ ಮಣ್ಣು ಹೋಗುತ್ತದೆ. ಉಸ್ತಾದರು ಕಟ್ಟೆ ಮೇಲೆ ಕೂತು ಹೇಳುತ್ತಿದ್ದರು: 'ಭೂಮ್ತಾಯಿನ ತಬ್ಕೊಂಡ್ ಮನಿಕೋ. ಯಾವನೂ ಏನೂ ಕೀಳಕ್ಕಾಗಲ್ಲ ಕಣ್ಲಾ.' ಒಂದು ದಿನ ಮೂರು ಜನರಿಗೂ ತಿರುಗಿಸಲಾಗಲಿಲ್ಲ. ಅವತ್ತು ಉಸ್ತಾದರು ತಮ್ಮ ಪಾಲಿನ ಬಾದಾಮಿ ಹಾಲನ್ನು ನನಗೆ ಕೊಟ್ಟರು. ಆಮೇಲೆ ಸಿಕ್ಕ ಒಂದೆರಡು ಮೆಡಲಿಗಿಂತ ಆ ಲೋಟ ನನಗೆ ಜಾಸ್ತಿ.

ಜೋಡಿ, ಅಂದರೆ ಪಂದ್ಯ, ಇದ್ದ ದಿನ ಮನೆಯಲ್ಲಿ ಇನ್ನೊಂದು ಪರೀಕ್ಷೆ. ಅಮ್ಮ ಗೆದ್ದೆಯಾ ಸೋತೆಯಾ ಅಂತ ಕೇಳುತ್ತಿರಲಿಲ್ಲ. ಬಾಗಿಲಲ್ಲೇ ಭುಜ ಹಿಡಿದು ತಿರುಗಿಸಿ ಬೆನ್ನು ನೋಡುತ್ತಿದ್ದರು. ಎದೆ ಮೇಲೆ ಎಷ್ಟು ಮಣ್ಣಿದ್ದರೂ ಪರವಾಗಿಲ್ಲ. ಬೆನ್ನು ಚೊಕ್ಕ ಇದ್ದರೆ ಬಿಸಿನೀರು, ಇಲ್ಲದಿದ್ದರೆ 'ಹೋಗು, ನಲ್ಲಿ ಹತ್ರ ತೊಳ್ಕೊ'. ಅವರ ಅಪ್ಪನೂ ಪೈಲ್ವಾನರು. ಅಮ್ಮ ಚಿಕ್ಕಂದಿನಿಂದ ಬೆನ್ನು ಓದಿದವರು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಜನ ಎಂಎಂಎಗೆ ಕುಸ್ತಿಯನ್ನು ಹೊಂದಿಸಿಕೊಳ್ಳುವುದು ಅಂದರೆ ಹೊಸ ಪಟ್ಟುಗಳನ್ನು ಕಲಿಯುವುದು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಾಲ್ಕು ಪಂಚ್, ಎರಡು ಕಿಕ್, ಕತ್ತು ಅಮುಕುವ ಒಂದೆರಡು ಚೋಕ್ ಕಲಿತರೆ ಆಯಿತು, ಬಾಕಿ ನನ್ನ ಹತ್ತಿರ ಇದೆ ಅಂತ. ಆದರೆ ನನಗೆ ಕಷ್ಟವಾಗಿದ್ದು ಪಟ್ಟಿನದಲ್ಲ, ಭಯದ್ದು. ಮೈ ಯಾವುದಕ್ಕೆ ಹೆದರಬೇಕು, ಎಲ್ಲಿ ಹೆದರಬಾರದು ಅನ್ನುವುದನ್ನು ಆಟದ ನಿಯಮ ಕಲಿಸಿರುತ್ತದೆ. ನನ್ನ ಮೈಗೆ ಬೆನ್ನು ನೆಲಕ್ಕೆ ತಾಗಿದರೆ ಪ್ರಾಣ ಹೋದ ಹಾಗೆ. ಬೋರಲಾದರೆ ಅಮ್ಮನ ಮಡಿಲು. ಎಂಎಂಎ ಇದನ್ನು ತಿರುವು ಮುರುವು ಮಾಡುತ್ತದೆ. ಅಂಗಾತ ಬಿದ್ದವನು ಕಷ್ಟದಲ್ಲಿದ್ದಾನೆ, ಆದರೆ ಎದುರಾಳಿಯ ಕೈ ಅವನಿಗೆ ಕಾಣುತ್ತದೆ. ಬೋರಲು ಬಿದ್ದವನಿಗೆ ಏನೂ ಕಾಣುವುದಿಲ್ಲ.

ಜುಜಿತ್ಸು ಅಂದರೆ ನೆಲದ ಮೇಲೆ ಕತ್ತು ಅಮುಕಿ, ಕೀಲು ತಿರುಚಿ ಸೋಲಿಸುವ ಕಲೆ. ಅದನ್ನು ಆಡುವವರ ಚಾಳಿ ನಮ್ಮದಕ್ಕೆ ಉಲ್ಟಾ. ಅವರು ಬೆನ್ನ ಮೇಲೆ ಮಲಗಿ ನಗುತ್ತಿರುತ್ತಾರೆ. ಕಾಲೇ ಅವರ ಬೇಲಿ. 1993ರಲ್ಲಿ ಡೆನ್ವರ್‌ನಲ್ಲಿ ಯುಎಫ್‌ಸಿ ಅನ್ನುವ ಎಂಎಂಎ ಕೂಟ ಮೊದಲ ಸಲ ನಡೆದಾಗ ಜುಜಿತ್ಸುನ ರಾಯ್ಸ್ ಗ್ರೇಸಿ ಗೆದ್ದಿದ್ದನ್ನು ನೋಡಿ ಜಗತ್ತು ಬಾಯಿ ಬಿಟ್ಟಿದ್ದು ಗೊತ್ತಲ್ಲ. ಆದರೆ ಅದೇ ರಾಯ್ಸ್ 2006ರಲ್ಲಿ ಮ್ಯಾಟ್ ಹ್ಯೂಸ್ ಕೈಲಿ ಮೊದಲ ರೌಂಡಿನಲ್ಲೇ ಏಟು ತಿಂದು ಸೋತರು. ಹ್ಯೂಸ್ ಅಮೆರಿಕದ ಕಾಲೇಜು ಕುಸ್ತಿಯವನು. ಅಷ್ಟು ಹೊತ್ತಿಗೆ ಅಂಗಾತ ಮಲಗಿ ಕಾಲಲ್ಲಿ ಹಾಕುವ ಆ ಬೇಲಿ, ಅಂದರೆ ಗಾರ್ಡ್, ಏನು, ಅಲ್ಲಿ ಏನೇನು ಅಪಾಯ ಅಂತ ಅರೆದು ಕುಡಿದಿದ್ದ. ಅಂದರೆ ಅವರ ತಂಗುದಾಣವೂ ಶಾಶ್ವತವಲ್ಲ. ಕೆಳಗೆ ಮಲಗಿ ನಗುತ್ತಿರುವವನ ಮುಖಕ್ಕೆ ಮೊಣಕೈ ಬೀಳಲು ಶುರುವಾದರೆ ನಗು ನಿಲ್ಲುತ್ತದೆ.

ರಿತು, ಭುಲ್ಲರ್, ಮತ್ತೆ ಮಾಯಾ

ಆ ಕನ್ನಡಕದ ಹುಡುಗನ ಕೈಲಿ ಸೋತ ರಾತ್ರಿಯಿಂದ ನಾನು ಕುಸ್ತಿಯಿಂದ ಎಂಎಂಎಗೆ ಹೋದವರ ಪಂದ್ಯಗಳನ್ನು ಹುಡುಕಿ ಹುಡುಕಿ ನೋಡತೊಡಗಿದೆ. ಗೆದ್ದಿದ್ದಕ್ಕಿಂತ ಸೋತಿದ್ದು ಜಾಸ್ತಿ ನೋಡಿದೆ. ಸೋಲಿನಲ್ಲಿ ಚಾಳಿ ಎದ್ದು ಕಾಣುತ್ತದೆ.

ರಿತು ಫೋಗಟ್ ಗೊತ್ತಲ್ಲ. 2017ರಲ್ಲಿ 23 ವರ್ಷದೊಳಗಿನವರ ವಿಶ್ವ ಕುಸ್ತಿಯಲ್ಲಿ ಬೆಳ್ಳಿ ಗೆದ್ದವರು, 2019ರಲ್ಲಿ ಕುಸ್ತಿ ಬಿಟ್ಟು ಸಿಂಗಪುರದ ಎಂಎಂಎ ಸಂಸ್ಥೆ ವನ್ ಚಾಂಪಿಯನ್‌ಶಿಪ್‌ಗೆ ಬಂದರು. 2021ರ ಡಿಸೆಂಬರಿನಲ್ಲಿ ಗ್ರ್ಯಾಂಡ್ ಪ್ರೀ ಫೈನಲ್. ಎದುರಾಳಿ ಥಾಯ್ಲೆಂಡಿನ ಸ್ಟ್ಯಾಂಪ್ ಫೇರ್‌ಟೆಕ್ಸ್, ಮುವಾಯ್ ಥಾಯ್ ಹುಡುಗಿ. ಒದೆತ ಗುದ್ದಿನಲ್ಲಿ ಸ್ಟ್ಯಾಂಪ್, ನೆಲದ ಮೇಲೆ ರಿತು ಅನ್ನುವುದೇ ಎಲ್ಲರ ಲೆಕ್ಕ. ಎರಡನೇ ರೌಂಡಿನಲ್ಲಿ ನೆಲಕ್ಕೂ ಹೋಯಿತು. ಮೇಲಿದ್ದವರು ರಿತು. ಆದರೆ ಕೆಳಗಿನಿಂದ ಸ್ಟ್ಯಾಂಪ್ ಕೈ ಹಿಡಿದು, ಮೊಣಕೈ ಕೀಲನ್ನು ಹಿಂದಕ್ಕೆ ಬಗ್ಗಿಸುವ ಆರ್ಮ್‌ಬಾರ್ ಹಾಕಿದಳು. ರಿತು ಟ್ಯಾಪ್. ನಾನು ಆ ತುಣುಕನ್ನು ಎಷ್ಟು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೋ. ನನಗೆ ಕಂಡಿದ್ದು ಇದು: ಎದುರಾಳಿಯನ್ನು ಅಂಗಾತ ಕೆಡವಿದ ಮೇಲೆ ಕುಸ್ತಿಯವರ ಮೈಯಲ್ಲಿ ಎಲ್ಲೋ ಒಂದು ಗಂಟು ಸಡಿಲವಾಗುತ್ತದೆ. ಗೆದ್ದೆ ಅಂತ ಮೈ ಹೇಳುತ್ತದೆ. ತಲೆಗೆ ಗೊತ್ತು ಗೆದ್ದಿಲ್ಲ ಅಂತ. ಆದರೆ ಚಿಕ್ಕಂದಿನಿಂದ ಸಾವಿರ ಸಲ ಅದೇ ಜಾಗದಲ್ಲಿ ಸೀಟಿ ಕೇಳಿದ ಮೈ ಅದು. ಇದು ನನ್ನ ಊಹೆ, ರಿತು ಅವರಿಗೆ ಹಾಗನಿಸಿತ್ತೋ ಇಲ್ಲವೋ. ನನಗಂತೂ ಪ್ರತಿ ಸಲ ಅನಿಸುತ್ತದೆ.

ಅರ್ಜನ್ ಭುಲ್ಲರ್ ಅವರದ್ದು ಇನ್ನೂ ಚೆನ್ನಾಗಿದೆ. ಕೆನಡಾದ ಪಂಜಾಬಿ, 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ, 2012ರ ಲಂಡನ್ ಒಲಿಂಪಿಕ್ಸ್ ಆಡಿದವರು. 2018ರಲ್ಲಿ ಯುಎಫ್‌ಸಿಯಲ್ಲಿ ಪೋಲೆಂಡಿನ ಆಡಮ್ ವಿಯೆಚೊರೆಕ್ ಮೇಲೆ ಕೂತಿದ್ದವರು ಓಮೋಪ್ಲಾಟಾಗೆ ಸಿಕ್ಕಿ ಸೋತರು. ಕಾಲಿನಿಂದ ಭುಜ ತಿರುಚುವ ಪಟ್ಟು ಅದು. ಹೆವಿವೇಟ್‌ನಲ್ಲಿ, ಅದೂ ಕೆಳಗೆ ಬಿದ್ದವನು, ಅದನ್ನು ಹಾಕಿ ಗೆಲ್ಲುವುದು ಅಂದರೆ ಅಪರೂಪದಲ್ಲಿ ಅಪರೂಪ. ಮೂರು ವರ್ಷ ಆದ ಮೇಲೆ, 2021ರ ಮೇನಲ್ಲಿ, ಅದೇ ಭುಲ್ಲರ್ ವನ್ ಚಾಂಪಿಯನ್‌ಶಿಪ್‌ನಲ್ಲಿ ಬ್ರ್ಯಾಂಡನ್ ವೆರಾನನ್ನು ಎರಡನೇ ರೌಂಡಿನಲ್ಲಿ ಮುಗಿಸಿ ಹೆವಿವೇಟ್ ಪಟ್ಟ ಹೊತ್ತರು. ಆ ಪಂದ್ಯ ನೋಡಿ. ಶುರುವಿನಿಂದಲೇ ಕಾಲಿಗೆ ನುಗ್ಗುವ ಆತುರ ಇಲ್ಲ. ಮೊದಲು ಕೈ ಮಾತಾಡುತ್ತದೆ, ವೆರಾ ಮುಖ ಕಾಯುವ ಗಡಿಬಿಡಿಯಲ್ಲಿದ್ದಾಗ ಕೆಡವುತ್ತಾರೆ, ಕೆಡವಿದ ಮೇಲೆ ತಬ್ಬಿಕೊಂಡು ಕೂರುವುದಿಲ್ಲ, ಹೊಡೆಯುತ್ತಾರೆ. ಕುಸ್ತಿ ಅದೇ. ಆದರೆ ಸುತ್ತಲಿನ ಸಾಮಾನೆಲ್ಲ ಬದಲಾಗಿದೆ.

ಇನ್ನು ಡೆಮಿಯನ್ ಮಾಯಾ. ನನ್ನ ಪ್ರಕಾರ ಈ ವಿಷಯದಲ್ಲಿ ಮೇಷ್ಟ್ರು ಅಂದರೆ ಅವರೇ. ಬ್ರೆಜಿಲ್‌ನವರು, ಜುಜಿತ್ಸುನವರು. 2007ರಲ್ಲಿ ಅಬುಧಾಬಿ ಗ್ರ್ಯಾಪ್ಲಿಂಗ್ ಚಾಂಪಿಯನ್ ಆದ ವರ್ಷವೇ ಯುಎಫ್‌ಸಿಗೂ ಬಂದರು. ಬಂದು ಮೊದಲ ಐದೂ ಪಂದ್ಯವನ್ನು ಚೋಕು ಲಾಕುಗಳಿಂದಲೇ ಗೆದ್ದರು. 2009ರಲ್ಲಿ ನೇಟ್ ಮಾರ್ಕ್ವಾರ್ಟ್ 21 ಸೆಕೆಂಡಿನಲ್ಲಿ ಮಲಗಿಸಿಬಿಟ್ಟ. ಆಮೇಲೆ ಕೆಲವು ವರ್ಷ ಮಾಯಾ ಬಾಕ್ಸರ್ ಆಗಲು ಹೊರಟ ಹಾಗಿತ್ತು. ನಿಂತು ಗುದ್ದಾಡುವುದು, ಸಪ್ಪೆ ಪಂದ್ಯಗಳು, ನೋಡಿದರೆ ಪಾಪ ಅನಿಸುತ್ತಿತ್ತು. ಕೊನೆಗೆ ಒಂದು ತೂಕ ಇಳಿದು ವೆಲ್ಟರ್‌ವೇಟ್‌ಗೆ ಬಂದರು, ಕ್ರಮೇಣ ಬಾಕ್ಸಿಂಗಿನ ಆಸೆ ಬಿಟ್ಟು ಒಂದೇ ಒಂದು ದಾರಿಯನ್ನು ಸವೆಸಲು ಶುರುಮಾಡಿದರು: ಒಂದು ಕಾಲು ಹಿಡಿ, ಬಿಡಬೇಡ. ಎದುರಾಳಿ ತಡೆದರೆ ನೀನೇ ಕೆಳಗೆ ಜಾರು, ಅಲ್ಲಿಂದ ಮತ್ತೆ ಅದೇ ಕಾಲು ಹಿಡಿದು ಏಳು, ಕೆಡವು, ಬೆನ್ನು ಹತ್ತು, ಕತ್ತು ಹಿಡಿ. 2014ರಿಂದ 2017ರವರೆಗೆ ಸಾಲಾಗಿ ಏಳು ಗೆಲುವು. 2016ರಲ್ಲಿ ಕಾರ್ಲೋಸ್ ಕಾಂಡಿಟ್ ಅಂಥವನನ್ನು ಎರಡು ನಿಮಿಷದೊಳಗೆ ಮುಗಿಸಿದರು. ಹೊಸದು ಏನು ಸೇರಿಸಿದರು ಅಂತ ಕೇಳಿದರೆ ಹೆಚ್ಚೇನಿಲ್ಲ. ತಮ್ಮ ಹತ್ತಿರ ಇದ್ದ ನೂರು ಪಟ್ಟಿನಲ್ಲಿ ತೊಂಬತ್ತನ್ನು ಬದಿಗಿಟ್ಟರು. ಕೆಳಗೆ ಮಲಗುವುದು ಅವರಿಗೂ ಹಳೆಯ ಚಾಳಿಯೇ. ಆದರೆ ಅಲ್ಲಿ ತಂಗುವುದನ್ನು ಬಿಟ್ಟು, ಅದನ್ನು ಮೆಟ್ಟಿಲು ಮಾಡಿಕೊಂಡರು.

ಮಣ್ಣಿಲ್ಲದ ಕಡೆ ಬೆವರು

ಒಂದು ಸಣ್ಣ ವಿಷಯ. ಸಣ್ಣದು ಅಂದುಕೊಂಡಿದ್ದೆ.

ಮಟ್ಟಿಯಲ್ಲಿ ಕೈ ಜಾರಿದರೆ ಏನು ಮಾಡುತ್ತೇವೆ? ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಎದುರಾಳಿಯ ಕತ್ತಿಗೆ, ಭುಜಕ್ಕೆ ಉಜ್ಜುತ್ತೇವೆ. ಬೆವರು ಹೀರಿಕೊಂಡು ಹಿಡಿತ ಸಿಗುತ್ತದೆ. ಅವನೂ ನಮಗೆ ಉಜ್ಜುತ್ತಾನೆ. ಹೆಚ್ಚು ಹೊತ್ತು ಆಡಿದಷ್ಟೂ ಮೈ ಒರಟಾಗುತ್ತದೆ, ಹಿಡಿತ ಬಿಗಿಯಾಗುತ್ತದೆ. ಕೇಜಿನಲ್ಲಿ ಇದು ಉಲ್ಟಾ. ಮೊದಲ ಎರಡು ನಿಮಿಷ ಮೈ ಒಣಗಿರುತ್ತದೆ, ಆಗ ಹಿಡಿದಿದ್ದು ಹಿಡಿದ ಹಾಗೆ. ಎರಡನೇ ರೌಂಡಿನ ಹೊತ್ತಿಗೆ ಇಬ್ಬರೂ ಎಣ್ಣೆ ಸ್ನಾನಕ್ಕೆ ಕೂತವರ ಹಾಗೆ. ಮುಖಕ್ಕೆ ವ್ಯಾಸಲೀನ್ ಬೇರೆ ಹಚ್ಚಿರುತ್ತಾರೆ. ಕೈಗೆ ಗ್ಲೌಸು. ತೆಳ್ಳಗೇ ಇರುತ್ತದೆ, 4 ಔನ್ಸ್ ಅಂದರೆ 113 ಗ್ರಾಂ ಆಸುಪಾಸು, ಆದರೆ ಕತ್ತಿನ ಹಿಂದೆ ಕೈ ತೂರಿಸುವಾಗ ಆ ದಪ್ಪವೇ ಅಡ್ಡ ಬರುತ್ತದೆ. ಗರಡಿಯಲ್ಲಿ ನನ್ನ ಹೆಮ್ಮೆಯಾಗಿದ್ದ ಬೆರಳಿನ ಹಿಡಿತ ಇಲ್ಲಿ ಅರ್ಧ ಬೆಲೆಗೂ ಹೋಗಲಿಲ್ಲ. ಬೆರಳಲ್ಲಿ ಹಿಡಿಯುವುದನ್ನು ಬಿಟ್ಟು ಮೊಣಕೈಯಲ್ಲಿ, ಕಂಕುಳಲ್ಲಿ, ಮಂಡಿಯಲ್ಲಿ, ಹಣೆಯಲ್ಲಿ ಹಿಡಿಯುವುದನ್ನು ಕಲಿಯಬೇಕಾಯಿತು. ಹಣೆಯಲ್ಲಿ ಹಿಡಿಯುವುದಾ ಅಂತ ನಗಬೇಡಿ. ಎದುರಾಳಿಯ ಗದ್ದದ ಕೆಳಗೆ ಹಣೆ ಒತ್ತಿ ಗೋಡೆಗೆ ಅಂಟಿಸಿದರೆ ಅವನು ಎರಡೂ ಕೈ ಇದ್ದೂ ಇಲ್ಲದವನು.

ನಾನೇನು ಫೈಟರ್ ಅಲ್ಲ, ಇದನ್ನು ಮೊದಲೇ ಹೇಳಬೇಕಿತ್ತು. ಎರಡು ಅಮೆಚೂರ್ ಪಂದ್ಯ ಆಡಿದ್ದೇನೆ, ಒಂದು ಸೋಲು, ಒಂದು ಗೆಲುವು. ಸೋತಿದ್ದು ಮೊದಲನೆಯದು. ಮೂರು ನಿಮಿಷದ ಮೂರು ರೌಂಡು. ಮೊದಲ ರೌಂಡಿನಲ್ಲಿ ಮೂರು ಸಲ ಕೆಡವಿದೆ. ಪ್ರತಿ ಸಲ ಕೆಡವಿದ ಮೇಲೆ ಹಲ್ಲು ಕಚ್ಚಿ ಅಮುಕಿ ಹಿಡಿದೆ, ಗರಡಿಯಲ್ಲಿ ಹಿಡಿಯುವ ಹಾಗೆ. ಅಲ್ಲಿ ಅದು ಸರಿ, ನಾಲ್ಕು ಸೆಕೆಂಡು ಜೀವ ಹೋಗುವ ಹಾಗೆ ಅಮುಕಿದರೆ ಚಿತ್, ಮನೆಗೆ ಹೋಗಬಹುದು. ಇಲ್ಲಿ ಚಿತ್ ಅನ್ನುವುದೇ ಇಲ್ಲವಲ್ಲ! ಅವನು ಅಂಗಾತ ಬಿದ್ದು ಉಸಿರಾಡುತ್ತಿದ್ದ, ನಾನು ಮೇಲಿದ್ದು ಉಸಿರು ಬಿಗಿ ಹಿಡಿದಿದ್ದೆ. ಎರಡನೇ ರೌಂಡಿಗೆ ಏಳುವಾಗ ಮುಂಗೈ ಕಲ್ಲಾಗಿತ್ತು, ಮುಷ್ಟಿ ಮುಚ್ಚಲು ಆಗಲಿಲ್ಲ. ದಿನಾ 300 ದಂಡ ಹೊಡೆದವನ ಕೈ ಅದು. ಉಳಿದ ಆರು ನಿಮಿಷ ಅವನು ನನ್ನನ್ನು ದೂರದಿಂದಲೇ ಹೊಡೆದ.

ಕಿವಿಗೆ ಬೀಳುವ ಏಟು

ಆ ಪಂದ್ಯ ಆದ ಮೇಲೆ ನಮ್ಮ ಕೋಚ್ ನನಗೆ ಅಂತಲೇ ಒಂದು ಅಭ್ಯಾಸ ಶುರುಮಾಡಿದರು. ಅದಕ್ಕೆ ಹೆಸರೇನೂ ಇಲ್ಲ. ನಾನು ಬೋರಲು ಮಲಗಬೇಕು, ಇಲ್ಲ ಮಂಡಿಯೂರಿ ಮುದುಡಿಕೊಳ್ಳಬೇಕು. ಕನ್ನಡಕದ ಹುಡುಗ ಬೆನ್ನ ಮೇಲೆ. ಐದು ನಿಮಿಷದ ಟೈಮರ್. ಹುಡುಗನಿಗೆ ಕೋಚ್ ಕೊಟ್ಟ ಅಪ್ಪಣೆ ಒಂದೇ: 'ಚೋಕ್ ಬೇಡ, ಏನೂ ಬೇಡ. ಇವರು ಸುಮ್ನೆ ಮಲಗಿದ್ರು ಅನ್ಸಿದ ಕೂಡ್ಲೇ ಕಿವಿಗೆ ಒಂದು ಬಿಡು.' ಜೋರಾಗಿ ಅಲ್ಲ. ಮನೆಯಲ್ಲಿ ಅಜ್ಜಿ ತಟ್ಟುವಷ್ಟು. ಆದರೆ ಐದು ನಿಮಿಷದಲ್ಲಿ ಮೊದಲ ದಿನ ನನಗೆ ಬಿದ್ದಿದ್ದು 41 ಏಟು. ಕೋಚ್ ಜೋರಾಗಿ ಎಣಿಸುತ್ತಿದ್ದರು, ಮರೆಯುವ ಹಾಗೆಯೇ ಇಲ್ಲ.

ಕಿವಿ ಯಾಕೆ ಅಂದರೆ, ತಲೆಯ ಹಿಂಭಾಗಕ್ಕೆ ಹೊಡೆಯುವುದು ನಿಯಮಕ್ಕೆ ವಿರುದ್ಧ, ಪಕ್ಕಕ್ಕೆ ಹೊಡೆಯಬಹುದು. ವನ್ ಚಾಂಪಿಯನ್‌ಶಿಪ್‌ನಲ್ಲಿ ಆದರೆ ನೆಲದ ಮೇಲಿರುವವನ ತಲೆಗೆ ಮಂಡಿಯಲ್ಲಿ ಕೂಡ ಹೊಡೆಯಬಹುದು, ಯುಎಫ್‌ಸಿಯಲ್ಲಿ ಆಗುವುದಿಲ್ಲ. ಅಂದರೆ ಮುದುಡಿಕೊಂಡು ಕಾಯುವ ಚಾಳಿಗೆ ಒಂದೊಂದು ಕಡೆ ಒಂದೊಂದು ದರ. ನಿಯಮ ಬದಲಾದರೆ ದರವೂ ಬದಲಾಗುತ್ತದೆ. ಮೊಣಕೈಯನ್ನು ಗಡಿಯಾರದ 12ರಿಂದ 6ಕ್ಕೆ ನೇರ ಕೆಳಗೆ ಇಳಿಸಿ ಹೊಡೆಯುವುದು ಯುಎಫ್‌ಸಿಯಲ್ಲಿ ಎಷ್ಟೋ ವರ್ಷ ನಿಷೇಧವಿತ್ತು, 2024ರ ನವೆಂಬರಿನಿಂದ ಬಿಟ್ಟಿದ್ದಾರೆ. ಕಾಲು ಹಿಡಿದು ತಲೆ ಬಗ್ಗಿಸಿ ಅಲ್ಲೇ ನೇತಾಡುವ ನನ್ನಂಥವರಿಗೆ ಇದು ಒಳ್ಳೆಯ ಸುದ್ದಿಯೇನಲ್ಲ.

ಎರಡು ತಿಂಗಳು ಹೊಸ ಪಟ್ಟು ಒಂದೂ ಹೇಳಿಕೊಡಲಿಲ್ಲ. ವಾರಕ್ಕೆ ಮೂರು ದಿನ ಇದೇ. ನನಗೆ ರೇಗಿ ಹೋಗುತ್ತಿತ್ತು. ದುಡ್ಡು ಕೊಟ್ಟು ಕಿವಿಗೆ ಹೊಡೆಸಿಕೊಳ್ಳೋಕೆ ಬರಬೇಕಾ ಅಂತ ಒಂದು ದಿನ ಕೇಳಿಯೂ ಬಿಟ್ಟೆ. ಕೋಚ್ ನಕ್ಕು, 'ಗುರು, ನಿಮಗೆ ಟೆಕ್ನಿಕ್ ಜಾಸ್ತಿನೇ ಇದೆ. ನಿಮ್ಮ ಮೈಗೆ ಇನ್ನೂ ಸುದ್ದಿ ಮುಟ್ಟಿಲ್ಲ' ಅಂದರು. ಮೂರನೇ ವಾರವೋ ನಾಲ್ಕನೇ ವಾರವೋ, ಗೊತ್ತಿಲ್ಲದೆ ಒಂದು ಕೆಲಸ ಆಯಿತು. ಹುಡುಗನ ಭಾರ ಒಂದು ಕಡೆ ಸರಿದ ಕೂಡಲೇ ನಾನು ಅವನ ಕಡೆಗೇ ಹೊರಳಿದೆ. ಬೆನ್ನು ಮ್ಯಾಟಿಗೆ ತಾಗಿತು. ಎದೆಯೊಳಗೆ ಧಸಕ್ ಅಂದಿತು, ಸುಳ್ಳು ಹೇಳುವುದಿಲ್ಲ. ಅಮ್ಮನ ಕೈ ಭುಜದ ಮೇಲೆ ಬಿದ್ದ ಹಾಗಾಯಿತು. ಆದರೆ ಅವನ ಮುಖ ಕಾಣುತ್ತಿತ್ತು, ಎರಡು ಕೈಯೂ ಕಾಣುತ್ತಿದ್ದವು. ಒಂದು ಕೈ ಅವನ ಕಂಕುಳಿಗೆ ತೂರಿಸಿ, ಇನ್ನೊಂದು ಕೈ ಊರಿ, ಜಾಲರಿಯ ಕಡೆ ತೆವಳಿ, ಗೋಡೆಗೆ ಭುಜ ಕೊಟ್ಟು ಎದ್ದು ನಿಂತೆ. ಅವತ್ತಿನ ಲೆಕ್ಕ 11 ಏಟು.

ಗೋಡೆ ಅನ್ನುವುದು ಇನ್ನೊಂದು ಲೋಕ. ಮಟ್ಟಿಯಲ್ಲಿ ಅಂಚಿಗೆ ಹೋದರೆ ಪಂಚರು ಮಧ್ಯಕ್ಕೆ ಕರೆದು ತರುತ್ತಾರೆ, ಮ್ಯಾಟ್ ಕುಸ್ತಿಯಲ್ಲೂ ಸೀಟಿ ಊದುತ್ತಾರೆ. ಅಂಚು ಅಂದರೆ ನಮಗೆ ಆಟ ನಿಲ್ಲುವ ಜಾಗ. ಕೇಜಿನಲ್ಲಿ ಆಟದ ಅರ್ಧ ಭಾಗ ನಡೆಯುವುದೇ ಅಂಚಿನಲ್ಲಿ. ಕೆಳಗಿನವನಿಗೆ ಏಳಲು ಗೋಡೆ ಬೇಕು, ಮೇಲಿನವನಿಗೆ ಕೂರಿಸಲು ಗೋಡೆ ಬೇಕು. ಖಬೀಬ್ ನುರ್ಮಗೊಮೆದೋವ್ 29 ಪಂದ್ಯ ಆಡಿ 29ನ್ನೂ ಗೆದ್ದು 2020ರಲ್ಲಿ ನಿವೃತ್ತರಾದರಲ್ಲ, ಕಾನರ್ ಮೆಕ್‌ಗ್ರೆಗರ್ ಜತೆಗಿನ ಅವರ 2018ರ ಯುಎಫ್‌ಸಿ ಪಂದ್ಯದ ಮೊದಲ ರೌಂಡು ನೋಡಿ. ಮೆಕ್‌ಗ್ರೆಗರ್ ಗೋಡೆಗೆ ಒರಗಿ ಕೂತಿದ್ದಾನೆ. ಖಬೀಬ್ ತಮ್ಮ ಕಾಲುಗಳಿಂದ ಅವನ ಎರಡೂ ಕಾಲನ್ನು ಕಟ್ಟಿಹಾಕಿದ್ದಾರೆ. ಬೆನ್ನು ನೆಲಕ್ಕೆ ತಾಗಿಸುವ ಅವಸರವೇ ಇಲ್ಲ. ಕೂರಿಸಿದ್ದಾರೆ ಅಷ್ಟೇ, ಏಳಲು ಬಿಡುತ್ತಿಲ್ಲ. ಎಷ್ಟೋ ಪಂದ್ಯಗಳಲ್ಲಿ ಎದುರಾಳಿಯ ಮಣಿಕಟ್ಟನ್ನು ಬೆನ್ನ ಹಿಂದಿನಿಂದ ಹಿಡಿದು, ಇನ್ನೊಂದು ಕೈಯಲ್ಲಿ ಹೊಡೆಯುತ್ತಾ ಹೋಗುತ್ತಾರೆ. ನಮ್ಮೂರಿನ ಪೈಲ್ವಾನರಿಗೆ ತೋರಿಸಿದರೆ 'ಕೆಡವೋ ಅವನ್ನ, ಏನು ಮದುವೆ ಮನೇಲಿ ಕೂತಂಗೆ ಕೂತಿದೀಯಾ' ಅನ್ನುತ್ತಾರೆ. ಆದರೆ ಖಬೀಬ್ ಬೆಳೆದಿದ್ದು ರಷ್ಯಾದ ಡಾಗೆಸ್ತಾನದಲ್ಲಿ, ಕುಸ್ತಿ ಜೂಡೋ ಜತೆಗೆ ಕಾಂಬ್ಯಾಟ್ ಸಾಂಬೊ ಆಡುತ್ತಾ. ಅದರಲ್ಲಿ ಕೆಡವುವುದೂ ಇದೆ, ಹೊಡೆಯುವುದೂ ಇದೆ. ಅವರು ನಮ್ಮ ಹಾಗೆ 29ನೇ ವಯಸ್ಸಿನಲ್ಲಿ ಕುಸ್ತಿಯನ್ನು ಬಿಚ್ಚಿ ಮತ್ತೆ ಹೊಲಿಯಬೇಕಾಗಿರಲಿಲ್ಲ.

ಹೊಡೆತ ಮತ್ತು ಹಿಡಿತ ಎರಡನ್ನೂ ಒಟ್ಟಿಗೆ ಕಲಿಸುವುದು ನಮಗೇನು ಗೊತ್ತಿಲ್ಲದ್ದಲ್ಲ. ವಿಜಯದಶಮಿ ದಿನ ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಅದೇ ಅಲ್ವಾ? ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಆಯುಧ ಸಿಕ್ಕಿಸಿಕೊಂಡು ಹಿಡಿಯುತ್ತಾರೆ, ಹೊಡೆಯುತ್ತಾರೆ, ತಲೆಯಿಂದ ಮೊದಲು ರಕ್ತ ಚಿಮ್ಮಿದ ಕೂಡಲೇ ಮುಗಿಯಿತು. ಈಗ ಅದು ಕ್ಷಣಗಳಲ್ಲಿ ಮುಗಿಯುವ ಶಾಸ್ತ್ರ. ಆದರೆ ಒಂದು ಕಾಲದಲ್ಲಿ ಯಾರೋ ಇದನ್ನು ದಿನಾ ಅಭ್ಯಾಸ ಮಾಡಿರಬೇಕು. ಕೈಯಲ್ಲಿ ಮುಳ್ಳು ಇರುವವನ ಮುಂದೆ ಬೋರಲು ಮಲಗಿ ಕಾಯುವ ಚಾಳಿ ಅವರಿಗೆ ಇದ್ದಿರಲಾರದು.

ಹೋದ ದಸರಾಕ್ಕೆ

ಹೋದ ದಸರಾದಲ್ಲಿ ಊರಿಗೆ ಹೋಗಿದ್ದಾಗ ಕುಸ್ತಿ ನೋಡಲು ದೇವರಾಜ ಅರಸು ಕ್ರೀಡಾಂಗಣಕ್ಕೆ ಹೋದೆ, ಮಾರನೇ ದಿನ ಬೆಳಗ್ಗೆ ಗರಡಿಗೂ ಹೋದೆ. ಉಸ್ತಾದರಿಗೆ ಈಗ 70 ದಾಟಿದೆ, ಮಂಡಿ ಹೋಗಿದೆ, ಅದೇ ಕಟ್ಟೆ ಮೇಲೆ ಕೂತಿದ್ದರು. 'ಅದೇನೋ ಬೋನಿನಾಗೆ ಹೊಡೆದಾಡ್ತೀಯಂತಲ್ಲಾ' ಅಂದರು. ಫೋನಿನಲ್ಲಿ ನನ್ನ ಎರಡನೇ ಪಂದ್ಯ ತೋರಿಸಿದೆ, ಗೆದ್ದಿದ್ದು. ಪೂರ್ತಿ ನೋಡಿದರು. ನಾನು ಕೆಳಗೆ ಬಿದ್ದು, ಅಂಗಾತ ಹೊರಳಿ, ಗೋಡೆ ಹಿಡಿದು ಏಳುವ ಜಾಗ ಬಂದಾಗ ಫೋನನ್ನು ಕಣ್ಣ ಹತ್ತಿರ ತಂದುಕೊಂಡರು.

'ಇಲ್ಲಿ ಬಿದ್ದೋದಲ್ಲಾ.'

'ಇಲ್ಲಿ ಬೆನ್ನು ಬಿದ್ರೂ ಸೋಲಲ್ಲ ಉಸ್ತಾದ್ರೇ.'

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಮತ್ತೆ ಸೋಲೋದು ಎಂಗ್ಲಾ?' ಅಂದರು. ತಮಾಷೆಗಲ್ಲ, ನಿಜವಾಗಿ ಕೇಳಿದ್ದು. ನಾನು ಹೇಳಲು ಹೋದೆ, ಟ್ಯಾಪ್, ರೆಫರಿ, ಮೂವರು ಜಡ್ಜು, ಹತ್ತು ಪಾಯಿಂಟು ಅಂತ. ಅರ್ಧಕ್ಕೇ ಕೈ ಅಲ್ಲಾಡಿಸಿದರು. 'ಬಟ್ಟೆ ಬಿಚ್ಚು' ಅಂದರು.

ಚಡ್ಡಿ ಬಿಗಿದು ಮಟ್ಟಿಗೆ ನಮಸ್ಕಾರ ಮಾಡಿ ಇಳಿದೆ. ಎದುರಿಗೆ ಬಿಟ್ಟಿದ್ದು ಒಬ್ಬ 14 ವರ್ಷದ ಹುಡುಗನನ್ನು, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಸಲಾಮಿ ಆಯಿತು. ಹುಡುಗ ಚುರುಕಿದ್ದ, ಆದರೆ ಭಾರ ಇಲ್ಲ. ಎರಡು ಸಲ ಬಗ್ಗಿಸಿದೆ, ನಕ್ಕೊಂಡೇ ಆಡುತ್ತಿದ್ದೆ. ಮೂರನೇ ಸಲ ಹೇಗೋ ನನ್ನ ಕಾಲ ಸಂದಿಯಲ್ಲಿ ಕೈ ಹಾಕಿ ಹಿಂದೆ ಬಂದುಬಿಟ್ಟ, ಮಂಡಿ ಊರಿದೆ, ಅವನು ಬೆನ್ನ ಮೇಲೆ ಬಿದ್ದ. ಬೋರಲಾಗಿ ಭೂಮಿ ತಬ್ಬಿಕೊಂಡಿದ್ದರೆ ಇಡೀ ದಸರಾ ಕಳೆದರೂ ಅವನ ಕೈಲಿ ತಿರುಗಿಸಲು ಆಗುತ್ತಿರಲಿಲ್ಲ. ಅವನ ಭಾರ ಸ್ವಲ್ಪ ಎಡಕ್ಕೆ ಸರಿಯಿತು. ನಾನು ಯೋಚನೆ ಮಾಡಲೇ ಇಲ್ಲ, ಅವನ ಕಡೆಗೆ ಹೊರಳಿದೆ. ಅವನ ಮುಖ ಕಾಣಿಸಿತು, ಕೈ ಕಾಣಿಸಿತು, ಆಮೇಲೆ ಗರಡಿಯ ಹೆಂಚು ಕಾಣಿಸಿತು. ಸುತ್ತ ನಿಂತಿದ್ದ ಹುಡುಗರು ಹೋ ಅಂತ ಕೂಗಿದರು.

'ಚಿತ್' ಅಂದರು ಉಸ್ತಾದರು. ಆಮೇಲೆ ಬಾಯಿಗೆ ಟವೆಲ್ ಅಡ್ಡ ಹಿಡಿದು ನಗಲು ಶುರುಮಾಡಿದರು, ಕೆಮ್ಮು ಬರುವವರೆಗೂ ನಕ್ಕರು.

ಮೈ ತೊಳೆಯದೆ ಹಾಗೇ ಅಂಗಿ ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದೆ. ಎರಡೇ ಬೀದಿ. ಅಮ್ಮ ಬಾಗಿಲಲ್ಲಿ ಹೂ ಕಟ್ಟುತ್ತಾ ಕೂತಿದ್ದರು. ನಾನು ಪಕ್ಕದಿಂದ ಒಳಗೆ ನುಸುಳಲು ನೋಡಿದೆ. ಕೂತಲ್ಲಿಂದಲೇ ಕೈ ಹಿಡಿದು ತಿರುಗಿಸಿದರು.

'ಯಾರೋ ಕೆಡವಿದ್ದು?'

'ಎಂಟನೇ ಕ್ಲಾಸ್ ಹುಡುಗ ಅಮ್ಮಾ.'

ಅಮ್ಮ ದಾರ ಹಲ್ಲಲ್ಲಿ ಕಡಿದು, ಗಂಟು ಹಾಕಿ, ನಲ್ಲಿ ಕಡೆ ಗದ್ದ ತೋರಿಸಿದರು.